ಹೆಸರು ಬರೆಸುವ ಮೊದಲು ನುಡಿಸಿ ನೋಡಿ

ಶ್ರಾವಣ ಬಂತೆಂದು ಭಜನೆಗೆ ಹೊಸ ಹಾರ್ಮೋನಿಯಂ ತರುತ್ತೀರಿ. ಕುಂಕುಮ ಹಚ್ಚಿ, ಕಾಯಿ ಒಡೆದು, ಗವಸು ಹಾಕಿ ಮೂಲೆಗಿಡುತ್ತೀರಿ. ಉತ್ಸಾಹ ಇನ್ನೂ ಹೆಚ್ಚಿದ್ದರೆ ಪೇಂಟರ್ ಕರೆಸಿ ಮಂಡಳಿಯ ಹೆಸರು, ವಂತಿಗೆ ಕೊಟ್ಟವರ ಹೆಸರು ಎಲ್ಲವನ್ನೂ ಪೆಟ್ಟಿಗೆಯ ಮೇಲೆ ಬರೆಸುತ್ತೀರಿ. ಮೊದಲ ಸೋಮವಾರ ತಿದಿ ಒತ್ತಿದರೆ ಒಂದು ಮನೆ ಕೂಗುವುದೇ ಇಲ್ಲ, ಇನ್ನೊಂದು ಮುಟ್ಟದೆಯೇ ಕೂಗುತ್ತದೆ! ಹೆಸರು ಬರೆಸಿದ ಪೆಟ್ಟಿಗೆಯನ್ನು ಯಾವ ಅಂಗಡಿಯವರು ನಗುನಗುತ್ತಾ ವಾಪಸ್ ತೆಗೆದುಕೊಳ್ಳುತ್ತಾರೆ, ನೀವೇ ಹೇಳಿ. ಪೂಜೆ ಬೇಡ ಎನ್ನುತ್ತಿಲ್ಲ. ತಂದ ದಿನವೇ ಚೆನ್ನಾಗಿ ನುಡಿಸಿ ನೋಡಿ, ಆಮೇಲೆ ಮಾಡಿ. ಹೆಸರಂತೂ ಒಂದು ತಿಂಗಳು ಕಳೆಯುವವರೆಗೆ ಬೇಡವೇ ಬೇಡ.

ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ಕೊಳ್ಳಲು ಬರುವವರು ಬಯಲಾಟಕ್ಕೆ ನುಡಿಸುವ ಒಬ್ಬ ಮಾಸ್ತರರನ್ನು ಜೊತೆಗೆ ಕರೆತನ್ನಿ. ಅವರ ಬಸ್ ಚಾರ್ಜು, ಊಟ ನಿಮ್ಮದಾಗಲಿ, ಬಡತನವೇನೂ ಬರುವುದಿಲ್ಲ. ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿ ಬೆಳೆದ ಸೀಮೆ ಇದು, ಶ್ರುತಿ ಬಲ್ಲ ಕಿವಿಗಳಿಗೆ ಇಲ್ಲಿ ಬರವಿಲ್ಲ.

ಯಾರೂ ಸಿಗದಿದ್ದರೆ ನೀವೇ ನೋಡಬಹುದು. ತಿದಿ ತುಂಬ ಗಾಳಿ ತುಂಬಿ ಯಾವ ಮನೆಯನ್ನೂ ಮುಟ್ಟದೆ ಸುಮ್ಮನೆ ಕಾಯಿರಿ. ತಿದಿ ಬೇಗ ಕುಸಿದರೆ ಗಾಳಿ ಎಲ್ಲೋ ಸೋರುತ್ತಿದೆ. ಆಮೇಲೆ ಒಂದೇ ಸ್ಟಾಪರ್ ಎಳೆದಿಟ್ಟು, ಎಡದಿಂದ ಬಲಕ್ಕೆ ಕಪ್ಪು ಬಿಳಿ ಯಾವುದನ್ನೂ ಬಿಡದೆ ಒಂದೊಂದೇ ಮನೆ ಒತ್ತಿ. ಒತ್ತಿದ್ದು ಮೇಲೇಳದೆ ಕೂತುಬಿಟ್ಟರೆ ಅದೂ ದೋಷವೇ. ಮಧ್ಯ ಷಡ್ಜ, ತಾರ ಷಡ್ಜ ಎರಡನ್ನೂ ಒಟ್ಟಿಗೆ ಹಿಡಿಯಿರಿ. ನಾದ ಒಂದಾಗಿ ನಿಲ್ಲದೆ ಅಲೆಅಲೆಯಾಗಿ ನಡುಗಿದರೆ ಶ್ರುತಿ ಕೂಡಿಲ್ಲ ಎಂದೇ ತಿಳಿಯಿರಿ.

ನಮ್ಮ ತಪ್ಪನ್ನೂ ನೋಡಿಕೊಳ್ಳಬೇಕಲ್ಲ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ತಗಡಿನ ಶೆಡ್ಡಿನಲ್ಲೋ ಕಾರಿನ ಡಿಕ್ಕಿಯಲ್ಲೋ ಪೆಟ್ಟಿಗೆ ಇಟ್ಟು, ಮರ ಬಿರಿಯಿತು ಎಂದು ಅಂಗಡಿಗೆ ಓಡಿದರೆ ಏನು ನ್ಯಾಯ? ಮಳೆಗಾಲದಲ್ಲಿ ತಬಲಾದ ಚರ್ಮ ಸಡಿಲಾಗುವುದು ದೋಷವಲ್ಲ, ಗಟ್ಟ ಬಡಿದು ಏರಿಸಿಕೊಳ್ಳಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಅಂಗಡಿಯವರ ಬಾಯಿಂದ ಕೇಳಿಸಿಕೊಳ್ಳಬೇಡಿ.

ನಿಜವಾದ ದೋಷ ಕಂಡರೆ ಸ್ಕ್ರೂ ಡ್ರೈವರ್ ಹಿಡಿದು ಕೂರಬೇಡಿ. ಒಳಗಿನ ರೀಡು ತೆಳುವಾದ ಹಿತ್ತಾಳೆ ನಾಲಗೆ, ಉಗುರು ತಾಗಿದರೂ ಸ್ವರ ಕೆಡುತ್ತದೆ. ಮೊಬೈಲಿನಲ್ಲಿ ಸದ್ದು ಸಮೇತ ವಿಡಿಯೋ ಮಾಡಿಕೊಂಡು, ಮರುದಿನವೇ ಹೊರಡಿ. ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಹಾಕಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ.

ಬಿಲ್ಲು ಎಲ್ಲಿ? ನಾಲ್ಕು ಕಾಸು ಉಳಿಯುತ್ತದೆಂದು ಬಿಲ್ಲು ಬೇಡ ಎನ್ನುವ ಈ ಕೆಟ್ಟ ಚಾಳಿಯನ್ನು ಮೊದಲು ಬಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ಗೋಡೆಯ ಮೇಲೆ ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ಕಂಡು ಹೆದರಬೇಡಿ. ಆದರೆ ಬಣ್ಣ ಹಿಡಿಸಲಿಲ್ಲ, ಮಗ ಕಲಿಯುವುದು ಬಿಟ್ಟ ಎಂದು ಈ ಕಾಯ್ದೆ ಹಿಡಿದುಕೊಂಡು ಹೋಗಬೇಡಿ.

ಅಂಗಡಿಗೆ ಗಿರಾಕಿಗಳ ಗದ್ದಲ ಕಡಿಮೆ ಇರುವ ಹೊತ್ತಿಗೆ ಹೋಗಿ. ಹತ್ತು ಜನರನ್ನು ಕಟ್ಟಿಕೊಂಡು ಹೋಗುವುದು ಬೇಡ. ಪೆಟ್ಟಿಗೆಯನ್ನು ಅವರ ಮುಂದಿಟ್ಟು ಅದೇ ಮನೆ ಒತ್ತಿ, ಅವರ ಕಿವಿಗೇ ಕೇಳಿಸಲಿ. ಮಾತು ಬಲ್ಲವನಿಗೆ ಜಗಳವಿಲ್ಲ. ಎಷ್ಟೋ ಅಂಗಡಿಯವರು ಅಲ್ಲೇ ಬೇರೆ ಪೆಟ್ಟಿಗೆ ಕೊಟ್ಟು ಕಳಿಸುತ್ತಾರೆ. ರಿಪೇರಿ ಮಾಡಿಕೊಡುತ್ತೇವೆ ಎಂದರೆ ಒಪ್ಪಬಹುದು, ಆದರೆ ಕೊಟ್ಟ ದಿನ, ದೋಷ ಏನು, ಎಂದು ವಾಪಸ್ ಕೊಡುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ‘ಮುಂದಿನ ವಾರ ಬನ್ನಿ’ ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ.

ಅಷ್ಟಾಗಿಯೂ ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಬಗೆಹರಿಯದಿದ್ದರೆ ಬಳ್ಳಾರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರಿಗೆ 2 ವರ್ಷ ಅವಕಾಶವಿದೆ ಎಂದು ಕೈಕಟ್ಟಿ ಕೂರಬೇಡಿ, ತಡವಾದಷ್ಟೂ ನಿಮ್ಮ ಮಾತಿನ ತೂಕ ಕಡಿಮೆ. ಆನ್‌ಲೈನಿನಲ್ಲಿ ದೂರದೂರಿಂದ ತರಿಸಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ನಾಟಕಕ್ಕೆ ನುಡಿಸಿ ಹೊಟ್ಟೆ ಹೊರೆಯುವ ಮಾಸ್ತರರೇ, ನಮ್ಮದು ಸಂಪಾದನೆಯ ಪೆಟ್ಟಿಗೆ, ನಮಗೆ ಈ ಕಾಯ್ದೆ ಬರುವುದಿಲ್ಲ ಎಂದುಕೊಳ್ಳಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಕೊಂಡವರೂ ಗ್ರಾಹಕರೇ. ಬಿಲ್ಲಿನ ಅಕ್ಷರ ನಮ್ಮ ಬಿಸಿಲಿಗೆ ಬೇಗ ಮಾಸುತ್ತದೆ, ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಅದರದ್ದೊಂದು ಫೋಟೋ ತೆಗೆದುಕೊಳ್ಳಿ.