ಹೀರಿದ ಧೂಳು ಎಲ್ಲಿಗೆ ಹೋಗುತ್ತದೆ?

ಪ್ರೀತಿಯ ಮಗಳೇ,

ಹೊಸ ಮನೆಗೆ ಯಾವ ವ್ಯಾಕ್ಯೂಮ್ ಕ್ಲೀನರ್ ತಗೊಳ್ಳಲಿ ದೊಡ್ಡಮ್ಮ ಅಂತ ಕೇಳಿದ್ದೆ. ಅಳಿಯಂದಿರಿಗೆ ಉಬ್ಬಸ ಇರುವುದರಿಂದ ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ನಿನ್ನ ಹಾಗೆ ಈಗಷ್ಟೇ ಸಂಸಾರ ಹೂಡಿದವರೂ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಮೊದಲು ಬಂದ ಮೆಷಿನ್ನು ಕಸವನ್ನೇನೋ ಚೆನ್ನಾಗಿ ಎಳೆಯುತ್ತಿತ್ತು. ಆದರೆ ಅದನ್ನು ಓಡಿಸಿದ ದಿನ ರಾತ್ರಿ ನಿನ್ನ ದೊಡ್ಡಪ್ಪನಿಗೆ ಕೆಮ್ಮು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಿಟಕಿಯಿಂದ ಬಿಸಿಲುಕೋಲು ಬಿದ್ದಾಗ ಕಣ್ಣಾರೆ ಕಂಡೆ: ಮುಂದೆ ಹೀರಿದ ನವುರು ಧೂಳು ಹಿಂದಿನ ಕಿಂಡಿಯಿಂದ ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ಅಂದಿನಿಂದ ಯಾವ ಮೆಷಿನ್ನನ್ನೂ ನಾನು ಹಿಂಬದಿಯಿಂದಲೇ ನೋಡುವುದು.

ಈ ಯಂತ್ರಕ್ಕೂ ಉಬ್ಬಸಕ್ಕೂ ಹಳೆಯ ನಂಟು. ಅಮೆರಿಕದ ಓಹಾಯೊದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಉಬ್ಬಸದಿಂದ ನರಳುತ್ತಿದ್ದರು. ಫ್ಯಾನಿನ ಮೋಟರು, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ ತಮಗಾಗಿಯೇ ಒಂದು ಯಂತ್ರ ಮಾಡಿಕೊಂಡು, 1908ರಲ್ಲಿ ಪೇಟೆಂಟ್ ಪಡೆದರು.

ನಿನ್ನ ಮನೆಯಲ್ಲಿ ನೆಲ ಗುಡಿಸಲು ಪೊರಕೆ, ಒದ್ದೆ ಬಟ್ಟೆ ಸಾಕು. ಮೆಷಿನ್ನು ಬೇಕಾಗಿರುವುದು ಹಾಸಿಗೆ, ಸೋಫಾ ಸಂದು, ಪರದೆ, ಕಿಟಕಿ ಜಾಲರಿಗೆ. ಹಾಸಿಗೆಯ ಮೇಲೆ ಎರಡು ನಿಮಿಷ ಓಡಿಸಿ ಡಬ್ಬಿ ತೆರೆದು ನೋಡು. ವಿಭೂತಿಯಂಥ ಬೂದು ಪುಡಿ ಕೂತಿರುತ್ತದೆ. ನಮ್ಮ ಚರ್ಮದ ಹೊಟ್ಟು ತಿಂದು ಬದುಕುವ ಧೂಳುಹುಳಗಳ ಹಿಕ್ಕೆಯೂ ಅದರಲ್ಲಿರುತ್ತದೆ, ಉಬ್ಬಸ ಕೆರಳಿಸುವುದು ಮುಖ್ಯವಾಗಿ ಅದೇ. ಜೀವಂತ ಹುಳ ಬಟ್ಟೆಯ ನೂಲಿಗೆ ಕಚ್ಚಿಕೊಂಡಿರುವುದರಿಂದ ಹೀರಿದರೂ ಪೂರ್ತಿ ಬರುವುದಿಲ್ಲ. ಹಾಗಾಗಿ ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಲೇಬೇಕು.

ನವುರು ಧೂಳನ್ನೂ ತಡೆಯುವ ಫಿಲ್ಟರಿಗೆ ಹೆಪಾ ಅನ್ನುತ್ತಾರೆ. ಅಂಗಡಿಯವರು ‘ಹೆಪಾ ತರಹದ್ದು’ ಅಂದರೆ ಒಪ್ಪಬೇಡ. ಫಿಲ್ಟರಿನ ಮೇಲೆ ಎಚ್13 ಎಂದು ಬರೆದಿರಬೇಕು. ಹಿಡಿಯಲು ಅತಿ ಕಷ್ಟದ ಕಣಗಳಲ್ಲೂ ನೂರಕ್ಕೆ 99.95ರಷ್ಟನ್ನು ಅದು ತಡೆಯುತ್ತದೆ. ಮುಚ್ಚಳದ ಸುತ್ತ ರಬ್ಬರ್ ಬಿಗಿಯಾಗಿ ಕೂರದಿದ್ದರೆ ಮಾತ್ರ ಎಂಥ ಫಿಲ್ಟರೂ ದಂಡ. ಚೀಲ ಇರುವ ಮೆಷಿನ್ನನ್ನೇ ಆರಿಸು. ಚೀಲದ ಖರ್ಚು ಆಗಾಗ ಬರುತ್ತದೆ, ನಿಜ. ಆದರೆ ಡಬ್ಬಿ ಬಡಿದು ಖಾಲಿ ಮಾಡುವಾಗ ಏಳುವ ಧೂಳು ನಿಮ್ಮವರ ಎದೆಗೆ ಹೋಗುವುದು ಬೇಡ.

ವ್ಯಾಟ್ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚು ಅಂತ ಬಹಳ ಜನ ನಂಬಿದ್ದಾರೆ. ವ್ಯಾಟ್ ಹೇಳುವುದು ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು. ಯುರೋಪಿನಲ್ಲಿ 2017ರಿಂದ 900 ವ್ಯಾಟ್ ಮೀರಿದ ಮನೆಬಳಕೆಯ ಮೆಷಿನ್ನುಗಳ ಮಾರಾಟಕ್ಕೇ ತಡೆ ಇದೆ. ಅಲ್ಲಿನ ಮನೆಗಳೇನು ಕೊಳೆಯಾಗಿಲ್ಲ. ನಿಮ್ಮ ಕೋಣೆಗಳಲ್ಲಿರುವ 6 ಆಂಪಿಯರ್ ಪಾಯಿಂಟು ಸುಮಾರು 1,380 ವ್ಯಾಟ್‌ವರೆಗೆ ಮಾತ್ರ ತಡೆದೀತು. 1,600 ವ್ಯಾಟಿನದು ತಂದರೆ 16 ಆಂಪಿಯರಿನ ದೊಡ್ಡ ಪಾಯಿಂಟು ಹುಡುಕಿಕೊಂಡು ಅಡುಗೆಮನೆಗೆ ಹೋಗಬೇಕಾಗುತ್ತದೆ.

ವೈರಿಲ್ಲದ್ದು ಹಗುರ, ಆದರೆ ಪೂರ್ತಿ ವೇಗದಲ್ಲಿಟ್ಟರೆ ಕೆಲವೇ ನಿಮಿಷ ಓಡುತ್ತದೆ. ತಾನೇ ಓಡಾಡುವ ರೋಬೋ ಎತ್ತರದ ಹೊಸ್ತಿಲು ದಾಟುವುದಿಲ್ಲ, ಹಾಸಿಗೆಯನ್ನಂತೂ ಹತ್ತುವುದಿಲ್ಲ. ರಂಗೋಲಿ ಪುಡಿಯನ್ನು ಮಾತ್ರ ಯಾವ ಮೆಷಿನ್ನಿಗೂ ತೋರಿಸಬೇಡ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತೊಳೆಯಬಹುದಾದ ಫಿಲ್ಟರನ್ನು ತೊಳೆದ ಮೇಲೆ ಒಂದಿಡೀ ದಿನ ನೆರಳಿನಲ್ಲಿ ಆರಲು ಬಿಡು.

ಚೀಲ, ಫಿಲ್ಟರು ನಿಮ್ಮ ಊರಿನಲ್ಲೇ ಸಿಗುತ್ತವೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳು. ಅಳಿಯಂದಿರನ್ನೂ ಅಂಗಡಿಗೆ ಕರೆದುಕೊಂಡು ಹೋಗು. ಮೆಷಿನ್ನು ಹಾಕಿಸಿ, ಹಿಂದಿನ ಗಾಳಿಗೆ ಒದ್ದೆ ಬಿಳಿ ಕರವಸ್ತ್ರ ಹಿಡಿದು ನೋಡು.

ನಿನ್ನ
ದೊಡ್ಡಮ್ಮ