ಗೋಡೆಯ ಹಲ್ಲಿ ಕಡಲು ದಾಟಿದರೆ

ಬೈಕಂಪಾಡಿಯ ಗೋದಾಮುಗಳಲ್ಲಿ ಗೋಡಂಬಿ, ಕಾಫಿ ತುಂಬಿಸಿ ನವಮಂಗಳೂರು ಬಂದರಿಗೆ ಕಂಟೇನರ್ ಕಳಿಸುವುದು ನನ್ನ ಕೆಲಸ. ಈ ಕೆಲಸ ನನಗೆ ಹಲ್ಲಿಯನ್ನು ಬೇರೆ ಕಣ್ಣಿನಿಂದ ನೋಡಲು ಕಲಿಸಿತು.

ನಮ್ಮ ಮಂಗಳೂರಿನ ಗೋಡೆಗಳ ಮೇಲೆ ಲೊಚಗುಟ್ಟುವ ಹಲ್ಲಿಗಳಲ್ಲಿ ಹೆಮಿಡ್ಯಾಕ್ಟೈಲಸ್ ಫ್ರೆನೇಟಸ್ ಒಂದು. ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಅದರ ತವರು. ಇಲ್ಲಿ ಅದು ಸೊಳ್ಳೆ, ಹಾತೆ ತಿಂದು, ತಾನೂ ಬೆಕ್ಕು, ತೋಳಹಾವುಗಳ ಪಾಲಾಗುತ್ತಾ ತನ್ನ ಮಿತಿಯಲ್ಲಿರುತ್ತದೆ. ಹಡಗಿನ ಸರಕಿನೊಂದಿಗೆ ಕಡಲು ದಾಟಿದರೆ ಕತೆಯೇ ಬೇರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಹವಾಯಿ ತಲುಪಿದ ಈ ಜಾತಿ, ಪೆಸಿಫಿಕ್ ದ್ವೀಪಗಳ ಊರುಗಳಲ್ಲಿ ಅದಕ್ಕೂ ಮೊದಲು ನೆಲೆಸಿದ್ದ ಸಣ್ಣ ಹಲ್ಲಿಗಳನ್ನು ಗೋಡೆಗಳಿಂದ ಹಿಂದಕ್ಕೆ ತಳ್ಳಿತು. ಮಾರಿಷಸ್‌ನಲ್ಲಿ, ಜಗತ್ತಿನ ಬೇರೆಲ್ಲೂ ಇಲ್ಲದ ನ್ಯಾಕ್ಟಸ್ ಹಲ್ಲಿಗಳ ಅಡಗುದಾಣಗಳನ್ನೇ ಕಸಿದುಕೊಂಡಿತು. ಆ ಹಲ್ಲಿಗಳು ಇಂದು ಸುತ್ತಲಿನ ಕೆಲವು ಪುಟ್ಟ ನಡುಗಡ್ಡೆಗಳಲ್ಲಷ್ಟೇ ಉಳಿದಿವೆ.

ಅದು ಗೆಲ್ಲುವುದು ಹೇಗೆಂದು ತಿಳಿಯಲು ಮೊದಲ ಮಳೆಯ ರಾತ್ರಿ ಗೋದಾಮಿನ ಟ್ಯೂಬ್‌ಲೈಟ್ ನೋಡಿದರೆ ಸಾಕು. ಮಳೆಹಾತೆಗಳು ಮುತ್ತಿದೊಡನೆ ದೊಡ್ಡ ಗಂಡು ದೀಪದ ಪಕ್ಕದ ಜಾಗ ಹಿಡಿಯುತ್ತದೆ. ಚಿಕ್ಕದೊಂದು ಹತ್ತಿರ ಬಂದರೆ ಮೈ ಎತ್ತಿ, ಬಾಲ ಅಲ್ಲಾಡಿಸಿ, ಮೂಲೆಯವರೆಗೂ ಅಟ್ಟಿಸಿಕೊಂಡು ಹೋಗುತ್ತದೆ. ಪೆಸಿಫಿಕ್ ದ್ವೀಪಗಳಲ್ಲಿ ಸಂಶೋಧಕರು ಇನ್ನೊಂದನ್ನೂ ಕಂಡುಕೊಂಡಿದ್ದಾರೆ: ಬೆಳಕಿಗೆ ಹುಳುಗಳು ಒಂದೆಡೆ ಮುತ್ತಿದಾಗ ವೇಗವಾಗಿ ಬಾಚಿಕೊಳ್ಳುವ ಈ ಹಲ್ಲಿಯೆದುರು ಅಲ್ಲಿನ ಹಲ್ಲಿಗಳು ಹಸಿದು ಸೊರಗುತ್ತವೆ.

ಪಯಣಕ್ಕೂ ಅದು ಹೇಳಿ ಮಾಡಿಸಿದ ಜೀವಿ. ಮರದ ಪ್ಯಾಲೆಟ್ಟಿನ ಸಂದಿಯಲ್ಲಿ ನಾನು ಎಷ್ಟೋ ಸಲ ಕಡಲೆಕಾಳಿನಷ್ಟು ದೊಡ್ಡ ಜೋಡಿ ಮೊಟ್ಟೆ ಕಂಡಿದ್ದೇನೆ. ಗಟ್ಟಿ ಚಿಪ್ಪಿರುವುದರಿಂದ ಬೇಗ ಒಣಗುವುದಿಲ್ಲ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಮೈಯಲ್ಲಿ ಕಾಪಿಟ್ಟುಕೊಳ್ಳುವುದರಿಂದ ಒಂಟಿ ಹೆಣ್ಣೊಂದು ದಡ ಸೇರಿದರೂ ಹೊಸ ಸಂಸಾರ ಶುರುವಾಗಬಹುದು.

ಆಫ್ರಿಕಾದ ದೈತ್ಯ ಬಸವನಹುಳು ನಮ್ಮ ತೋಟಗಳನ್ನು ಮೇಯುವಾಗ ಅದನ್ನು ತಂದವರನ್ನು ಶಪಿಸುತ್ತೇವೆ. 1974ರಿಂದ ಹಡಗುಗಳನ್ನು ಬೀಳ್ಕೊಡುತ್ತಿರುವ ಬಂದರಿನ ಊರಿನವರಾದ ನಮಗೂ ಅದೇ ಹೊಣೆಯಿದೆ. ಕಂಟೇನರ್ ತುಂಬಿಸುವುದು ಸಾಧ್ಯವಾದಷ್ಟೂ ಹಗಲಲ್ಲೇ ಆಗಲಿ; ಕತ್ತಲಾದ ಮೇಲೆ ತೆರೆದ ಬಾಗಿಲ ಮೇಲೆ ದೀಪ ಉರಿದರೆ ಹುಳು ಬರುತ್ತದೆ, ಹುಳುವಿನ ಹಿಂದೆ ಹಲ್ಲಿ. ಪ್ಯಾಲೆಟ್ಟಿನ ಅಡಿ, ಬಾಗಿಲ ರಬ್ಬರಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಸೀಲ್ ಹಾಕಬೇಕು. ನಾವು ಕೊಡುವ ಆ ಕೆಲವು ನಿಮಿಷಗಳ ಮೇಲೆ ದೂರದ ಯಾವುದೋ ದ್ವೀಪದ ಒಂದು ಜೀವಜಾತಿಯ ಉಳಿವು ನಿಂತಿರಬಹುದು.