ಸಿಮ್ಯುಲೇಟರಿನಲ್ಲಿ ಹೆಲಿಕಾಪ್ಟರ್ ನಿಲ್ಲಿಸುವ ಅಭ್ಯಾಸ

ಜಪಾನಿನ ಯಮಹಾ ಸಂಸ್ಥೆಯು 1987ರಲ್ಲಿ ಸಿದ್ಧಪಡಿಸಿದ ಆರ್-50 ಎಂಬ ಚಾಲಕರಹಿತ ಹೆಲಿಕಾಪ್ಟರ್ 20 ಕಿಲೋ ಭಾರ ಹೊತ್ತು ಬೆಳೆಗೆ ಔಷಧಿ ಸಿಂಪಡಿಸಬಲ್ಲದಾಗಿತ್ತು. ಇಂಥ ಯಂತ್ರವನ್ನು ನೆಲದ ಮೇಲೆ ನಿಂತು ನಡೆಸುವವರು ಮೊದಲು ಕಲಿಯತಕ್ಕದ್ದು, ಅದನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದನ್ನು. ಈಗಿನ ಸಿಂಪರಣಾ ಡ್ರೋನ್‌ಗಳು ಉಪಗ್ರಹದ ಸಂಕೇತದಿಂದ ತಾವೇ ನಿಲ್ಲುತ್ತವೆ. ಸಂಕೇತ ತಪ್ಪಿದರೆ ಕೈಚಳಕವೇ ಗತಿ.

ಈ ಅಭ್ಯಾಸವನ್ನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಮಾಡುವುದು ಲೇಸು. ಅಲ್ಲಿ ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು. ಹೊಲದಲ್ಲಿ ಬಿದ್ದರೆ ರೆಕ್ಕೆ ಮುರಿಯುವುದಲ್ಲದೆ ಹತ್ತಿರ ನಿಂತವರ ಪ್ರಾಣಕ್ಕೂ ಅಪಾಯ.

ಬಾಲ ನಮ್ಮ ಕಡೆಗಿರುವಂತೆ ಆರಂಭಿಸಬೇಕು. ಆಗ ಅದರ ಎಡಬಲವೇ ನಮ್ಮ ಎಡಬಲ. ಸ್ಟಿಕ್ಕನ್ನು ಎಡಕ್ಕೆ ಒತ್ತಿದರೆ ಯಂತ್ರ ಎಡಕ್ಕೆ ವಾಲಿ ಆ ಕಡೆಗೆ ಸರಿಯತೊಡಗುತ್ತದೆ. ಕೈಬಿಟ್ಟರೆ ಸ್ಟಿಕ್ ನಡುವಿಗೆ ಬರುತ್ತದೆಯೇ ಹೊರತು ವಾಲಿದ್ದು ನೆಟ್ಟಗಾಗದು. ಓಟ ಹೆಚ್ಚುತ್ತಲೇ ಹೋಗುತ್ತದೆ. ಬಲಕ್ಕೆ ತುಸು ಒತ್ತಿ ವಾಲಿದ್ದನ್ನು ಸರಿಪಡಿಸಬೇಕು, ಇನ್ನೂ ತುಸು ಒತ್ತಿ ಓಟವನ್ನು ತಡೆಯಬೇಕು, ಓಟ ಪೂರ್ತಿ ನಿಲ್ಲುವ ಮುನ್ನವೇ ಮತ್ತೆ ಸಮ ಮಾಡಬೇಕು. ಹೊಸಬರು ಎಡವುವುದು ಈ ಮೂರನೆಯದರಲ್ಲಿ. ನಾನೂ ಮೊದಲ ವಾರ ತೊಟ್ಟಿಲಿನಂತೆ ಅತ್ತಿತ್ತ ತೂಗಿಸಿ ಕೆಡವಿದ್ದೇ ಹೆಚ್ಚು. ಪಳಗಿದ ಎತ್ತಿಗೆ ಹಗ್ಗ ಅಲುಗಿಸಿದರೆ ಸಾಕು, ಜಗ್ಗಬೇಕಿಲ್ಲ, ಇಲ್ಲಿಯೂ ಹಾಗೆಯೇ. ನೆಲಕ್ಕೆ ತೀರ ಹತ್ತಿರ ನಿಲ್ಲಿಸಬಾರದು. ರೆಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಯಂತ್ರವನ್ನು ಅಲುಗಿಸುತ್ತದೆ.

ಇಷ್ಟು ಕುದುರಿದ ಮೇಲೆ ಯಂತ್ರವನ್ನು ಪಕ್ಕಕ್ಕೆ, ಕಡೆಗೆ ಮೂತಿ ನಮ್ಮತ್ತ ಬರುವಂತೆ ತಿರುಗಿಸಬೇಕು. ಆಗ ಎಡಬಲ ಅದಲುಬದಲಾಗುತ್ತದೆ. ಯಂತ್ರ ಯಾವ ಕಡೆಗೆ ವಾಲುತ್ತಿರುವಂತೆ ಕಾಣುವುದೋ ಆ ಕಡೆಗೇ ಸ್ಟಿಕ್ಕನ್ನು ಒತ್ತಿರಿ, ಬಾಳೆಗೆ ಊರುಗೋಲು ಕೊಟ್ಟಂತೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಸಿಮ್ಯುಲೇಟರಿನ ಗಾಳಿಯನ್ನು ಮೊದಲು ಸೊನ್ನೆಯಲ್ಲಿಟ್ಟು, ನಾಲ್ಕು ದಿಕ್ಕಿನಲ್ಲಿಯೂ ನಿಲ್ಲಿಸಲು ಬಂದ ಮೇಲೆ ಸ್ವಲ್ಪಸ್ವಲ್ಪವಾಗಿ ಏರಿಸಬೇಕು.